ಸಾಕ್ಷಿಗೆ ಕೊಟ್ಟ ನಂಬರು

ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಪೆದ್ದುತನ ಎಂದು ನೀವು ತಿಳಿದೀರಿ. ಆಕೆಯ ಗಂಡನಿಗೆ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಡಾಲರ್ ಸಂಬಳ, ನೈರೋಬಿಯ ಸಿರಿವಂತರ ಬಡಾವಣೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮನೆ. ನಾನು ಶಾಲೆಯಲ್ಲಿ ಗಣಿತದ ಟೀಚರು, ನನ್ನ ಗಂಡ ಕಾಲೇಜಿನಲ್ಲಿ ಉಪನ್ಯಾಸಕರು. ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು ಓಡಾಡುವ ಸಂಸಾರ. ಆಕೆ ಜಂಬದವಳಾಗಿದ್ದರೆ ಹೇಗೋ ಸಹಿಸಬಹುದಿತ್ತು. ಒಳ್ಳೆಯವಳು ಬೇರೆ. ಸಾರನ್ನೂ ನನಗಿಂತ ಚೆನ್ನಾಗಿ ಮಾಡುತ್ತಾಳೆ.

ನೈರೋಬಿಯಲ್ಲಿರುವ ನಾವು ಕನ್ನಡದ ಹೆಂಗಸರು ವರಮಹಾಲಕ್ಷ್ಮಿ ಹಬ್ಬದ ದಿನ ಒಬ್ಬರನ್ನೊಬ್ಬರು ಅರಿಶಿನ ಕುಂಕುಮಕ್ಕೆ ಕರೆಯುತ್ತೇವೆ. ಎಲೆಯಡಿಕೆ, ತೆಂಗಿನಕಾಯಿಯ ಜೊತೆ ಏನಾದರೊಂದು ಉಡುಗೊರೆ ಕೊಡಬೇಕು. ಮೊದಲೆಲ್ಲ ಸ್ಟೀಲ್ ಬಟ್ಟಲಲ್ಲಿ ಮುಗಿಯುತ್ತಿತ್ತು. ಹೋದ ವರ್ಷ ಆಕೆ ಬಂದವರಿಗೆಲ್ಲ ಪುಟ್ಟ ಬೆಳ್ಳಿಯ ಕುಂಕುಮ ಭರಣಿ ಕೊಟ್ಟಳು. ಅಲ್ಲಿಂದ ನೇರ ನನ್ನ ಮನೆಗೆ ಬಂದವರು ನನ್ನ ಸ್ಟೀಲ್ ಬಟ್ಟಲನ್ನು ಆಕೆ ಕೊಟ್ಟ ಚೀಲದೊಳಗೇ ಹಾಕಿಕೊಂಡು ಹೋದರು. ಆ ದಿನ ನನಗೆ ಅನ್ನ ಸೇರಲಿಲ್ಲ.

ಈ ವರ್ಷ ನಾನೂ ಬೆಳ್ಳಿಯನ್ನೇ ಕೊಡುವುದೆಂದು ತೀರ್ಮಾನಿಸಿದೆ. ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ಕೆದರಿಕೊಂಡಿತಂತೆ, ಹಾಗೆ. ಸಂಬಳಕ್ಕೆ ಇನ್ನೂ ಎರಡು ವಾರವಿತ್ತು. ಗಂಡನನ್ನು ಕೇಳಿದರೆ ದುಡ್ಡಿನ ಬದಲು ಉಪನ್ಯಾಸ ಸಿಗುತ್ತಿತ್ತು. ಫೋನಿನಲ್ಲಿ ಸಾಲ ಕೊಡುವ ಆ್ಯಪ್ ಒಂದನ್ನು ಹಾಕಿಕೊಂಡೆ. ಕಸರಾನಿಯಿಂದ ಬರುವ ನನ್ನ ಸಹೋದ್ಯೋಗಿ ಅದನ್ನು ನೋಡಿ, “ಬೇಡ, ವಸೂಲಿಗೆಂದು ಇಂಥವರು ನನ್ನ ತಮ್ಮನ ಚರ್ಚಿನ ಪಾದ್ರಿಗೇ ಫೋನ್ ಮಾಡಿದ್ದರು” ಎಂದಳು. ನಾನು ಸ್ವಾಹಿಲಿಯಲ್ಲಿ “ಸವಾ, ಸವಾ”, ಆಯಿತು ಆಯಿತು, ಎಂದು ತಲೆಯಾಡಿಸಿ ಮುಂದುವರಿಸಿದೆ.

ನನ್ನನ್ನು ಬಲ್ಲ ಒಬ್ಬರ ನಂಬರು ಕೊಡಿ ಎಂದು ಆ್ಯಪ್ ಕೇಳಿತು. ಊರಿನಲ್ಲಿ ನಮ್ಮಪ್ಪ ಯಾವ ಅರ್ಜಿ ತುಂಬಿದರೂ ಸಹಿಗೆ ಗೆಜೆಟೆಡ್ ಆಫೀಸರನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಆ ಬುದ್ಧಿ ನನಗೂ ಬಂದಿದೆ. ತೂಕದವರ ಹೆಸರಿದ್ದರೆ ಕೆಲಸ ಸಲೀಸು ಎಂದುಕೊಂಡು ಆಕೆಯ ನಂಬರನ್ನೇ ಕೊಟ್ಟೆ. ಯಾರ ಮೇಲೆ ಉರಿದುಕೊಂಡು ಸಾಲ ಮಾಡಿದೆನೋ ಅವಳೇ ಸಾಕ್ಷಿ!

ಹಬ್ಬವೇನೋ ಚೆನ್ನಾಗಿಯೇ ಆಯಿತು. ನನ್ನ ಬೆಳ್ಳಿ ಬಟ್ಟಲನ್ನು ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿದರು. ಆಕೆಯೂ ನೋಡಿದಳು. ಆ ಎರಡು ನಿಮಿಷದ ಖುಷಿಯನ್ನು ನಾನು ಸುಳ್ಳೆನ್ನುವುದಿಲ್ಲ.

ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸುವವಳು ಕರಾರು ಓದಿರಲಿಲ್ಲ. ಶುಲ್ಕವನ್ನು ಮೊದಲೇ ಮುರಿದುಕೊಂಡು ದುಡ್ಡು ಕೊಟ್ಟಿದ್ದರು. ಸಂಬಳ ಎರಡು ದಿನ ತಡವಾಯಿತು. ಅದಕ್ಕೆ ದಂಡ, ದಂಡದ ಮೇಲೆ ಬಡ್ಡಿ. ಮೂರು ಸಲ ಕಟ್ಟಿದರೂ ಅಸಲು ಇದ್ದ ಹಾಗೇ ಇತ್ತು. ಕೇಳೋಣವೆಂದು ಆ ಸಾಲದ ಕಂಪನಿಯ ವಿಳಾಸ ಹುಡುಕಿಕೊಂಡು ಹರ್ಲಿಂಗ್‌ಹ್ಯಾಮ್ ಬಡಾವಣೆಗೆ ಹೋದರೆ ಅಲ್ಲಿದ್ದದ್ದು ಹಲ್ಲಿನ ಕ್ಲಿನಿಕ್ಕು. ನನ್ನಂಥವರನ್ನು ನೋಡಿ ನೋಡಿ ರೋಸಿಹೋಗಿದ್ದ ರಿಸೆಪ್ಷನಿಸ್ಟ್ ತಲೆಯೆತ್ತದೆ ಬಾಗಿಲು ತೋರಿಸಿದಳು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಕರಾರು ಓದಿದೆ. ತಕರಾರಿದ್ದರೆ ನಾನು ಹೆಸರೇ ಕೇಳದ ಒಂದು ದ್ವೀಪದ ಕಾನೂನಿನಂತೆ, ಆ ದ್ವೀಪದಲ್ಲೇ ಹೇಳಿಕೊಳ್ಳಬೇಕಂತೆ. ಅಷ್ಟರಲ್ಲಿ ಮೆಸೇಜು ಬಂತು: ನಾಳೆ ನಿಮ್ಮ ಸಾಕ್ಷಿಗೆ ಫೋನ್ ಮಾಡುತ್ತೇವೆ.

ದುಡ್ಡು ಹೋದರೆ ಹೋಗಲಿ, ಆಕೆಗೆ ಗೊತ್ತಾಗಬಾರದು. ನನಗಿದ್ದದ್ದು ಅದೊಂದೇ ಭಯ. ಮರುದಿನ ಕೈಬಳೆ ಅಡವಿಟ್ಟು ಫೋನಿನಲ್ಲೇ ಪೂರ್ತಿ ಕಟ್ಟಿಬಿಟ್ಟೆ. ಸಂಜೆ ಆಕೆಯ ಕಾರು ನಮ್ಮ ಗೇಟಿನ ಮುಂದೆ ನಿಂತಿತು.

ಕಾಫಿ ಕೊಟ್ಟೆ. ಎರಡು ಗುಟುಕು ಕುಡಿದು ಆಕೆ ದನಿ ತಗ್ಗಿಸಿದಳು. “ಬೆಳಿಗ್ಗೆ ನಿಮ್ಮ ಬಗ್ಗೆ ಯಾರೋ ಫೋನ್ ಮಾಡಿದ್ರು ಕಣ್ರೀ. ಲೋನ್ ಅಂತೆ, ಡಿಫಾಲ್ಟ್ ಅಂತೆ. ತುಂಬಾ ರೂಡ್ ಆಗಿ ಮಾತಾಡಿದ್ರು.”

ನಾನು ಬಿಸ್ಕತ್ತಿನ ತಟ್ಟೆಯನ್ನು ಆಕೆಯತ್ತ ಸರಿಸಿದೆ.

“ಟೆನ್ಷನ್ ಮಾಡ್ಕೋಬೇಡಿ. ಯಾರಿಗೂ ಹೇಳಿಲ್ಲ, ನಮ್ಮೆಜಮಾನ್ರಿಗೂ ಹೇಳಿಲ್ಲ. ಅವ್ರು ಇನ್ನು ಫೋನ್ ಮಾಡಲ್ಲ ಬಿಡಿ. ‘ಅವಳು ನಮ್ಮನೇಲಿ ಪಾತ್ರೆ ತೊಳೀತಿದ್ಲು, ಕೆಲಸ ಬಿಟ್ಟು ಆರು ತಿಂಗಳಾಯ್ತು, ಎಲ್ಲಿದಾಳೋ ಗೊತ್ತಿಲ್ಲ’ ಅಂದ್ಬಿಟ್ಟೆ. ಸೀದಾ ನಂಬಿದ್ರು!” ಎಂದು ನಕ್ಕಳು.

ಕುಹಕದ ನಗೆಯಲ್ಲ ಅದು. ನನ್ನ ಮಾನ ಉಳಿಸಿದ ಸಂತೋಷ ಆಕೆಗೆ. ಬೈಯೋಣವೆಂದರೆ ಬೈಯುವಂತಿಲ್ಲ, ನನಗೆ ಆ ಸುಖವನ್ನೂ ಉಳಿಸಲಿಲ್ಲ. ನಾನು ಯಾರೆಂದೇ ಗೊತ್ತಿಲ್ಲ ಎನ್ನಬಹುದಿತ್ತಲ್ಲ? ಅವಸರದಲ್ಲಿ ಆಕೆಯ ಬಾಯಿಗೆ ಬಂದದ್ದು ಇದು. “ತುಂಬಾ ಥ್ಯಾಂಕ್ಸ್ ರೀ” ಎಂದೆ.

ಆಕೆ ಖಾಲಿ ಲೋಟವನ್ನು ನನ್ನತ್ತ ಚಾಚಿದಳು. “ಇನ್ನೊಂಚೂರು ಕಾಫಿ ಇದ್ಯಾ?”

“ಈಗ್ಲೇ ತಂದೆ” ಎಂದು ಎದ್ದು ಓಡಿದೆ.