ಕತ್ತಿ ಕೆಳಗಿಟ್ಟ ಮೇಲಿನ ಮಾತು

ಪ್ರಿಯರೇ, ಒಂದು ಗಳಿಗೆ ಕಿವಿಗೊಡಿರಿ. ನಮ್ಮ ಬೀದಿಯ ಕ್ಷೌರಿಕನ ಸಂಗತಿಯನ್ನು ಹೇಳುತ್ತೇನೆ.

ಯೇಸುಸ್ವಾಮಿಯ ಪ್ರೀತಿಯನ್ನು ಹತ್ತು ಜನಕ್ಕೆ ತಿಳಿಸುವುದಕ್ಕಾಗಿಯೇ ತಾನು ಹುಟ್ಟಿದ್ದೇನೆಂದು ಅವನು ನಂಬಿದ್ದ. ಬೀದಿಯವರಿಗೆ ಮಾತ್ರ ಅದು ಬೇಕಿರಲಿಲ್ಲ. ಆದ್ದರಿಂದ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಗಂಟಲಿಗೆ ತಾಗಿಸಿದ ಮೇಲೆಯೇ ಸುವಾರ್ತೆಯನ್ನು ಆರಂಭಿಸುತ್ತಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅದನ್ನು ಅವನು ಭಕ್ತಿಯೆಂದೇ ತಿಳಿದ.

ಒಂದು ಬೆಳಿಗ್ಗೆ ಪಕ್ಕದಂಗಡಿಯ ದರ್ಜಿ ಮುಖ ಒರೆಸಿಕೊಳ್ಳುತ್ತ ಎದ್ದು ಹೇಳಿದ: "ಅಲ್ಲಪ್ಪಾ, ಗಂಟಲ ಮೇಲೆ ಕತ್ತಿ ಇಟ್ಟು 'ದೇವರು ನಿನ್ನ ಪ್ರೀತಿಸ್ತಾನೆ' ಅಂದ್ರೆ, ಯಾವನು ತಾನೇ ಇಲ್ಲ ಅಂತಾನೆ? ನಾನಂತೂ ನಾಳೆಯಿಂದ ಗಡ್ಡ ಬಿಡ್ತೀನಿ."

ನಗೆಮಾತಾದರೂ ಅದು ಕ್ಷೌರಿಕನ ಎದೆಗೆ ನಾಟಿತು. ಮನೆಯಲ್ಲಿ ಹೆಂಡತಿ, "ಸಾಕು ಬಿಡಿ, ಬಾಯಿ ಮುಚ್ಕೊಂಡು ಕೆಲಸ ಮಾಡಿ. ಯಾರಿಗೆ ಬೇಕಾಗಿದೆ ನಿಮ್ಮ ಉಪದೇಶ?" ಎಂದಳು.

"ಬಾಯಿ ಮುಚ್ಚಲ್ಲ ಕಣೆ. ಕತ್ತಿ ಕೆಳಗಿಡ್ತೀನಿ" ಎಂದ.

ಮರುದಿನದಿಂದ ಕ್ಷೌರ ಮುಗಿಸಿ, ಗಿರಾಕಿಯ ಕೊರಳ ಬಟ್ಟೆ ಬಿಚ್ಚಿ, ಬಾಗಿಲನ್ನು ತೆರೆದಿಟ್ಟು, "ಒಂದು ಮಾತು ಹೇಳಲಾ ಅಣ್ಣಾ?" ಎಂದು ಕೇಳತೊಡಗಿದ. "ಕೆಲಸ ಇದೆ ಕಣಯ್ಯಾ" ಎಂದು ಒಬ್ಬೊಬ್ಬರಾಗಿ ನಡೆದರು. ವಾರಗಟ್ಟಲೆ ಯಾರೂ ನಿಲ್ಲಲಿಲ್ಲ. ಅವನೂ ಕೇಳುವುದನ್ನು ಬಿಡಲಿಲ್ಲ.

ಇಂದಿಗೂ ಹೆಚ್ಚಿನವರು ಹೋಗಿಬಿಡುತ್ತಾರೆ. ಎಂದೋ ಒಬ್ಬ ಹೊಸ್ತಿಲಲ್ಲಿ ನಿಂತು, "ಹೇಳು, ಬೇಗ ಹೇಳು" ಎನ್ನುತ್ತಾನೆ. ಆ ಒಬ್ಬನಿಗಾಗಿ ಅವನು ಎಲ್ಲರನ್ನೂ ಕೇಳುತ್ತಾನೆ.

ಪ್ರಿಯರೇ, ನೀವೂ ಹಾಗೆಯೇ ಮಾಡಿರಿ. ಒಲ್ಲೆನೆಂದವನನ್ನು ನಗುತ್ತ ಬೀಳ್ಕೊಟ್ಟು, ಮುಂದಿನವನನ್ನು ಕೇಳಿರಿ.