ಗೆರೆ ಬಿಟ್ಟು ಬಾರದ ಗೋಲ್‌ಕೀಪರ್

ಗುರುವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಮ್ಯಾನೇಜರರು ಬ್ರೇಕಿನ ಮೇಲಿಂದ ಕಾಲು ತೆಗೆದರು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಅದೇ ನಿಮಿಷಕ್ಕೆ ನಾನೇ ವಾಚು ನೋಡಿ, "ಐದು ಹತ್ತಾಯ್ತು. ಕತ್ತಲಾಗುವ ಮುಂಚೆ ಹೈವೇ ಹಿಡಿಬೇಕಾದ್ರೆ ಈಗಲೇ ದಾಟ್ಬೇಕು" ಎಂದಿದ್ದೆ.

ಎದುರಿಗೆ ವಾದಿ ಹರಿಯುತ್ತಿತ್ತು. ವರ್ಷದ ಹೆಚ್ಚಿನ ದಿನ ಒಣಗಿ ಬಿದ್ದಿರುವ, ಬೆಟ್ಟದಲ್ಲಿ ಮಳೆಯಾದರೆ ಮಾತ್ರ ಹೊಳೆಯಾಗುವ ಕಲ್ಲು ಹಳ್ಳ ಅದು. ಒಮಾನಿನ ರುಸ್ತಾಕ್ ಪಟ್ಟಣದಿಂದ ಕರಾವಳಿಗೆ ಇಳಿಯುವ ರಸ್ತೆ ಅದರ ತಳದಲ್ಲೇ ಹಾದುಹೋಗುತ್ತದೆ.

ಕಾರಿನಲ್ಲಿ ನಾಲ್ವರಿದ್ದೆವು. ಸ್ಟಿಯರಿಂಗ್ ಹಿಡಿದವರು ನಮ್ಮ ಫುಟ್‌ಬಾಲ್ ತಂಡದ ಮ್ಯಾನೇಜರ್. ವಾರದ ಉಳಿದ ದಿನ ಗಾಡಿಗಳ ಬಿಡಿಭಾಗ ಮಾರುವ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಅವರ ಪಕ್ಕದಲ್ಲಿ ಇನ್ಶೂರೆನ್ಸ್ ಕಚೇರಿಯ ನನ್ನ ಗೆಳೆಯ, ಉಡುಪಿ ಕಡೆಯವನು, ಒಂದು ದಿನವೂ ಬೂಟು ಕಟ್ಟದೆ ತಂಡದ ಬಗ್ಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು. ಹಿಂದಿನ ಸೀಟಿನಲ್ಲಿ, ಬಿ.ಕಾಂ. ಮುಗಿಸಿ ಬಂದು ಮಸ್ಕತ್ತಿನ ರೂವಿಯ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ನಾನು. ನನ್ನ ಬದಿಯಲ್ಲಿ ಕುಂದಾಪುರದ ಒಬ್ಬ ದರ್ಜಿ. ಒಮಾನಿ ಗಂಡಸರು ತೊಡುವ ಉದ್ದನೆಯ ಬಿಳಿ ದಿಶ್‌ದಾಶಾಗಳನ್ನು ಅವರು ರುಸ್ತಾಕಿನ ಪೇಟೆಯಲ್ಲಿ, ವೀಸಾ ಕೊಟ್ಟು ಕರೆಸಿಕೊಂಡ ಧಣಿಯಾದ ಕಫೀಲನ ಅಂಗಡಿಯಲ್ಲಿ, ಹೊಲಿಯುತ್ತಿದ್ದರು. ನಲವತ್ತರ ಹತ್ತಿರ ಬಂದಿದ್ದ ಆ ದರ್ಜಿಯೇ ಆ ವರ್ಷದ ನಮ್ಮ ಗೋಲ್‌ಕೀಪರ್. ಮರುದಿನ ಮೊದಲ ಪಂದ್ಯವಿದ್ದುದರಿಂದ ಅವರನ್ನು ಕರೆತರಲು ಹೋಗಿದ್ದೆವು.

ಅವರು ನಮ್ಮ ತಂಡಕ್ಕೆ ಬಂದ ಬಗೆಯನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಎಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಮಸ್ಕತ್ತಿನಲ್ಲಿದ್ದ ಕರ್ನಾಟಕ ಕರಾವಳಿಯವರು ಸೇರಿ ನಾಲ್ಕು ತಂಡ ಮಾಡಿಕೊಂಡಿದ್ದೆವು. ಜಾತಿ, ಊರು, ಭಾಷೆ ನೋಡಿ ತಂಡ ಕಟ್ಟಿದರೆ ಆಟಕ್ಕಿಂತ ಮೊದಲು ಹೊಡೆದಾಟವಾಗುತ್ತದೆ ಎಂದು ಹಿರಿಯರು ಒಂದು ಕ್ರಮ ತಂದಿದ್ದರು. ಪ್ರತಿ ಚಳಿಗಾಲ ಆಟಗಾರರೆಲ್ಲ ಒಂದೇ ರಾಶಿ. ನಾಲ್ಕು ಮ್ಯಾನೇಜರರು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಒಬ್ಬ ಡಾಕ್ಟರರ ಮನೆಯಲ್ಲಿ ಕೂತು, ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ.

ಕೆಳಗಿದ್ದವರು ನಾವು. ಮಂಗಳೂರಿನಿಂದ ಹೊಸದಾಗಿ ಬಂದ ಬ್ಯಾಂಕ್ ಗುಮಾಸ್ತನೊಬ್ಬ ಎರಡೂ ಕಾಲಿನಲ್ಲಿ ಗೋಲು ಹೊಡೆಯುತ್ತಿದ್ದ. ಅವನು ನಮ್ಮವನೇ ಆದನೆಂದು ರೂವಿ ಬಸ್ ನಿಲ್ದಾಣದ ಬಳಿಯ ಕೆಫೆಟೇರಿಯಾದಲ್ಲಿ ಬೆಂಬಲಿಗರೆಲ್ಲ ಮುಂಚಿತವಾಗಿಯೇ ಚಹಾ ಕುಡಿದು ಸಂಭ್ರಮಿಸಿದ್ದೆವು. ಮ್ಯಾನೇಜರರು ಹೋಗಿ ದರ್ಜಿಯ ಹೆಸರು ಹೇಳಿ ಬಂದರು.

"ಫಸ್ಟ್ ಪಿಕ್ಕಿಗೆ ಗೋಲಿಯಾ?" ಇನ್ಶೂರೆನ್ಸಿನವನು ಎದ್ದೇ ನಿಂತ. "ಅದೂ ಟೈಲರ್! ಎಂತಕ್ಕೆ ಮಾರಾಯ್ರೆ, ನೆಟ್ಟು ಹರಿದ್ರೆ ಹೊಲೀಲಿಕ್ಕಾ?"

"ಹೊಡೀಲಿಕ್ಕೆ ನಮ್ಮಲ್ಲಿ ಹತ್ತು ಜನ ಉಂಟು," ಎಂದರು ಮ್ಯಾನೇಜರರು. "ತಡೀಲಿಕ್ಕೆ ಯಾರುಂಟು ಹೇಳಿ?"

"ಆ ಜನ ಗೆರೆ ಬಿಟ್ಟು ಮುಂದೆ ಬರುದೇ ಇಲ್ಲ. ಬಾಲು ಮನೆ ಬಾಗಿಲು ತಟ್ಟಿದ ಮೇಲೆ ಎದ್ದು ನೋಡುದು."

ಈ ಮಾತು ಎಲ್ಲರಿಗೂ ಹಿಡಿಸಿತು. ಮುಂದಿನ ವಾರಗಳಲ್ಲಿ ದರ್ಜಿಯ ವಿಷಯ ಬಂದಾಗಲೆಲ್ಲ 'ಗೆರೆ ಬಿಟ್ಟು ಬರುದಿಲ್ಲ' ಎಂದು ಯಾರಾದರೂ ಹೇಳಬೇಕು, ಉಳಿದವರು ನಗಬೇಕು. ಮ್ಯಾನೇಜರರಿಗೆ ಖಲಾಸ್ ಹೇಳಿ ಬೇರೆಯವರನ್ನು ತರೋಣ ಎಂಬ ಮಾತೂ ಎದ್ದಿತ್ತು. ನಮ್ಮಲ್ಲಿ ಹಲವರು ಕಚೇರಿಯಲ್ಲಿ ಬಾಯಿ ಮುಚ್ಚಿ ದುಡಿಯುವವರು. ಒಬ್ಬ ಮ್ಯಾನೇಜರನ್ನು ಎದುರಿಗೆ ಕೂರಿಸಿಕೊಂಡು ಬಯ್ಯುವ ಅವಕಾಶ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅಂದು ಕಾರಿನಲ್ಲೂ ಅದೇ ಚರ್ಚೆ. ದರ್ಜಿ ಪಕ್ಕದಲ್ಲೇ ಕೂತಿದ್ದಾರೆಂಬುದು ನಮಗೆ ಅಡ್ಡಿಯಾಗಲಿಲ್ಲ. ಸಂತೆಯಲ್ಲಿ ಎತ್ತಿನ ಮುಂದೆ ನಿಂತು ಅದರ ಹಲ್ಲಿನ ವಿಚಾರ ಮಾತಾಡುವವರಂತೆ ಮಾತಾಡುತ್ತಿದ್ದೆವು. "ವಯಸ್ಸಾದ ಮೇಲೆ ಮೊದಲು ಹೋಗುದು ಕೈಯ ಹಿಡಿತ," ಎಂದು ನಾನು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ದರ್ಜಿ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು, "ಕಾಂಬ," ಎಂದರು. ನೋಡೋಣ ಎನ್ನುವುದಕ್ಕೆ ಕುಂದಾಪುರದ ಮಾತು. ಅಷ್ಟೇ.

ವಾದಿಯ ಈ ದಡದಲ್ಲಿ ಏಳೆಂಟು ಗಾಡಿಗಳು ನಿಂತಿದ್ದವು. ನೀರು ಬಂದರೆ ಆ ನಾಡಿನವರು ಅವಸರಪಡುವುದಿಲ್ಲ. ಗಾಡಿ ನಿಲ್ಲಿಸಿ, ಚಾಪೆ ಬಿಡಿಸಿ, ಫ್ಲಾಸ್ಕಿನ ಕಾಫಿ ಹಂಚಿಕೊಂಡು, ಇಳಿಯುವವರೆಗೆ ಕೂರುತ್ತಾರೆ. ಪಿಕಪ್ಪಿಗೆ ಒರಗಿದ್ದ ಒಬ್ಬ ಮುದುಕ ನಮ್ಮನ್ನು ಕಂಡು ಐದು ಬೆರಳ ತುದಿಗಳನ್ನು ಕೂಡಿಸಿ ಮೇಲಕ್ಕೆ ಹಿಡಿದ. ಸ್ವಲ್ಪ ತಾಳಿ ಎಂದರ್ಥ. ಬ್ಯಾಂಕಿನಲ್ಲೂ ಪೊಲೀಸ್ ಠಾಣೆಯಲ್ಲೂ ದಿನಕ್ಕೆ ಹತ್ತು ಸಲ ನಾವು ಕಾಣುತ್ತಿದ್ದ ಸನ್ನೆ.

"ಕಾಯುವ ಅಂತ ಕಾಣ್ತದೆ," ಎಂದರು ಮ್ಯಾನೇಜರರು.

"ಇದಕ್ಕಾ?" ಇನ್ಶೂರೆನ್ಸಿನವನು ನಕ್ಕ. "ನಮ್ಮ ಮನೆ ಹಿಂದಿನ ತೋಡು ಇದಕ್ಕಿಂತ ದೊಡ್ಡದುಂಟು. ಆಟಿಯ ಮಳೆಯಲ್ಲಿ ಅದನ್ನು ದಾಟಿ ಶಾಲೆಗೆ ಹೋದವರು ನಾವು. ಮಳೆಯೂ ಇಲ್ಲ, ಎಂತದೂ ಇಲ್ಲ."

ನಿಜವಾಗಿಯೂ ಮಳೆ ಇರಲಿಲ್ಲ. ನಮ್ಮ ತಲೆಯ ಮೇಲೆ ತೊಳೆದಿಟ್ಟಂಥ ಆಕಾಶ. ಊರಿನಲ್ಲಿ ನೆರೆ ಬರುವುದಾದರೆ ದಿನಗಟ್ಟಲೆ ಮಳೆ ನಮ್ಮ ಮೇಲೆಯೇ ಸುರಿದು ಎಚ್ಚರಿಸುತ್ತದೆ. ನೀರಿನಲ್ಲಿ ಹುಟ್ಟಿ ಬೆಳೆದವರೆಂಬ ನಮ್ಮ ಹಮ್ಮಿಗೆ, ಬೆನ್ನ ಹಿಂದಿನ ಬೆಟ್ಟದಲ್ಲಿ ಕಪ್ಪಗೆ ಕವಿದಿದ್ದ ಮೋಡ ಲೆಕ್ಕಕ್ಕೆ ಬರಲಿಲ್ಲ.

"ಕಾಯುವನಾ?" ದರ್ಜಿಯೂ ಕೇಳಿದರು. ಅವರಿಗೂ ಖಾತ್ರಿ ಇರಲಿಲ್ಲ.

"ನೋಡಿ, ಗೋಲಿ ಇಲ್ಲಿಯೂ ಗೆರೆ ಬಿಡುದಿಲ್ಲ," ಎಂದ ಇನ್ಶೂರೆನ್ಸಿನವನು. "ಪಿಕ್ ಮಾಡಿದವ್ರಿಗೂ ಧೈರ್ಯ ಇಲ್ಲ, ಪಿಕ್ ಆದವ್ರಿಗೂ ಇಲ್ಲ."

ಆಗ ಒಂದು ಲಾರಿ ನೀರು ಚಿಮ್ಮಿಸುತ್ತ ದಾಟಿತು. ಆಗಲೇ ನಾನು ವಾಚು ನೋಡಿದ್ದು. ಮ್ಯಾನೇಜರರ ಕತ್ತು ಕೆಂಪಾದದ್ದು ಹಿಂದಿನಿಂದ ನನಗೆ ಕಾಣಿಸಿತು.

ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ಬಾಗಿಲಿನ ಕೆಳಗಿನಿಂದ ನೀರು ನುಗ್ಗಿ ಕಾಲಡಿಯ ರಬ್ಬರ್ ಮ್ಯಾಟು ತೇಲಿತು. ಆಮೇಲೆ ಒಂದು ಸದ್ದು ಕೇಳಿಸಿತು. ನೀರಿನ ಸದ್ದಲ್ಲ, ನೀರಿನಡಿಯಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಸದ್ದು. ಕಾರು ಅಡ್ಡಕ್ಕೆ ತಿರುಗಿ, ರಸ್ತೆಯಿಂದ ಜಾರಿ, ಒಂದು ದೊಡ್ಡ ಬಂಡೆಗೆ ತಾಗಿ ವಾಲಿ ನಿಂತಿತು. ಬಂಡೆಯ ಕಡೆಯ ಬದಿಯಲ್ಲಿದ್ದವರು ದರ್ಜಿ. ಕಿಟಕಿಯಿಂದ ಮೊದಲು ಹೊರಬಿದ್ದು ಬಂಡೆ ಹತ್ತಿದವರೂ ಅವರೇ. ಆ ಕ್ಷಣ ನನಗೆ ಅನ್ನಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ: ಈತ ನಮ್ಮನ್ನು ಬಿಟ್ಟು ಓಡುತ್ತಾನೆ.

ಅವರು ತಿರುಗಿ ಮಲಗಿ ಕೈ ಚಾಚಿದರು. ಮ್ಯಾನೇಜರರನ್ನು ಎಳೆದರು, ಇನ್ಶೂರೆನ್ಸಿನವನನ್ನು ಎಳೆದರು. ನನ್ನ ಕಾಲು ಸೀಟಿನಡಿ ಸಿಕ್ಕಿಕೊಂಡಿತ್ತು. ನೀರು ಗಲ್ಲ ಮುಟ್ಟಿತು. ಎಡಗೈಯಿಂದ ನನ್ನ ಕಾಲರ್ ಹಿಡಿದು, ಬಲಗೈಯನ್ನು ಬಾಗಿಲಿನ ಚೌಕಟ್ಟಿಗೆ ಕೊಟ್ಟು ಅವರು ಜಗ್ಗಿದರು. ಆಗ ಕಾರು ಕದಲಿತು. ಅವರ ಬಲಗೈ ಬಾಗಿಲಿಗೂ ಬಂಡೆಗೂ ನಡುವೆ ಸಿಕ್ಕಿತು. ಅವರು ಕೂಗಿದ್ದು ನನ್ನ ಕಿವಿಯ ಹತ್ತಿರವೇ. ಎಡಗೈ ಮಾತ್ರ ನನ್ನ ಕಾಲರ್ ಬಿಡಲಿಲ್ಲ. ಕಾರು ಮತ್ತೊಮ್ಮೆ ಹೊರಳಿದಾಗ ನನ್ನ ಕಾಲೂ ಅವರ ಕೈಯೂ ಬಿಡಿಸಿಕೊಂಡವು. ಪಿಕಪ್ಪಿನ ಮುದುಕನೂ ಅವನ ಜೊತೆಯವರೂ ಹಗ್ಗ ಎಸೆದು ನಮ್ಮನ್ನು ದಡಕ್ಕೆಳೆದು, ಚಾಪೆಯ ಮೇಲೆ ಕೂರಿಸಿ, ಒಂದೂ ಬೈಗುಳವಿಲ್ಲದೆ ಕಾಫಿ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದ ಪಂದ್ಯ ಮುಂದಕ್ಕೆ ಹೋಯಿತು. ಶನಿವಾರ ಸಂಜೆ ಕೆಫೆಟೇರಿಯಾದಲ್ಲಿ ಜನ ತುಂಬಿದ್ದರು. ಇನ್ಶೂರೆನ್ಸಿನವನು ಕಥೆ ಹೇಳಿದ. ನೀರು ಒಂದೊಂದು ಸಲ ಹೇಳಿದಾಗಲೂ ಒಂದೊಂದು ಅಡಿ ಏರಿತು. ಯಾರೋ ಅಂದರು: "ಅಂತೂ ಗೋಲಿ ಗೆರೆ ಬಿಟ್ಟು ಬಂದ ಅಲ್ವಾ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿಯುವ ಮುಂಚೆಯೇ ಚರ್ಚೆ ಶುರುವಾಗಿತ್ತು. ಪೆಟ್ಟಾದ ಆಟಗಾರನ ಬದಲಿಗೆ ಯಾರೂ ಆರಿಸದೆ ಉಳಿದವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬಹುದೆಂದು ನಿಯಮವಿತ್ತು. ಯಾರನ್ನು? ಉದ್ದ ಇರುವವನನ್ನೋ, ವಯಸ್ಸು ಕಡಿಮೆ ಇರುವವನನ್ನೋ? ಈ ಸಲವಾದರೂ ಮ್ಯಾನೇಜರರಿಗೆ ಬುದ್ಧಿ ಹೇಳಬೇಕು.

ಮ್ಯಾನೇಜರರು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಆಸ್ಪತ್ರೆಯಿಂದ ನೇರ ಬಂದಿದ್ದರು.

"ಕೈಯ ಎಲುಬು ಮೂರು ಕಡೆ ಮುರಿದಿದೆ," ಎಂದರು.

"ಎಷ್ಟು ವಾರ ಬೇಕಂತೆ?" ಯಾರೋ ಕೇಳಿದರು. "ಕೊನೆ ಮ್ಯಾಚಿಗಾದ್ರೂ ಸಿಗ್ತಾರಾ?"

ಮ್ಯಾನೇಜರರು ಆ ಕಡೆ ನೋಡಿದರು. "ಆಡ್ಲಿಕ್ಕೆ ಅಲ್ಲ ಮಾರಾಯ. ಕತ್ತರಿ ಹಿಡೀಲಿಕ್ಕೆ. ಅವರ ಕಫೀಲ್ ಹೇಳಿದ್ದಾನೆ, ರಂಜಾನ್ ಹಬ್ಬದ ಹೊಲಿಗೆಗೆ ಕೈ ಬಂದ್ರೆ ಇರ್ಲಿ, ಇಲ್ಲದಿದ್ರೆ ಟಿಕೆಟ್ ತೆಗೆದು ಊರಿಗೆ ಕಳಿಸುದಂತೆ." ಕುರ್ಚಿ ಎಳೆದು ಕೂತರು, ಮತ್ತೆ ಎದ್ದರು. "ಗೋಲಿಯನ್ನು ನೀವೇ ಪಿಕ್ ಮಾಡಿ. ಮ್ಯಾನೇಜರನ್ನೂ."

ಅವರು ಹೊರಟುಹೋದರು. ಆಮೇಲೆ ಚಹಾ ಬಂತು. ಉದ್ದ ಇರುವವನನ್ನೇ ಆರಿಸಿದೆವು.

ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದ. ಕಣ್ಣು ಮುಚ್ಚಿದರೆ ಕಾಲರ್ ಬಿಗಿಯುತ್ತಿತ್ತು. ಬೇಸಿಗೆ ಬಂದು ಕೋಣೆಯ ಹಳೆಯ ಏಸಿ ಶುರುವಾದಾಗ ಅದರೊಳಗೆ ಕಲ್ಲುಗಳು ಉರುಳಿದವು. ನಾನು ಎದ್ದು ಆರಿಸುತ್ತಿದ್ದೆ. "ನಮಗೆ ಬೆಂದು ಸಾಯ್ಲಿಕ್ಕುಂಟಾ?" ಎಂದು ಜೊತೆಯವರು ಎದ್ದು ಹಾಕುತ್ತಿದ್ದರು. ಮ್ಯಾನೇಜರರು ಪ್ರತಿ ಶುಕ್ರವಾರ ಟ್ಯಾಕ್ಸಿ ಹಿಡಿದು ರುಸ್ತಾಕಿಗೆ ಹೋಗುತ್ತಾರೆಂದು ಕೇಳಿದ್ದೆ. ನಾನು ಹೋಗಲಿಲ್ಲ. ಏನು ಹೇಳುವುದು? ಒಮ್ಮೆ ಬಸ್ ನಿಲ್ದಾಣದಲ್ಲಿ ಮ್ಯಾನೇಜರರನ್ನು ಕಂಡು ಕಂಬದ ಹಿಂದೆ ಸರಿದದ್ದೂ ಉಂಟು.

ರಂಜಾನಿನ ಕೊನೆಯ ವಾರ ಮ್ಯಾನೇಜರರೇ ನನ್ನ ಕಚೇರಿಗೆ ಬಂದರು. "ಟೈಲರ ಕೈಯ ಪ್ಲಾಸ್ಟರ್ ತೆಗೆದಿದ್ದಾರೆ. ನಾಳೆ ಕಫೀಲ್ ಕೆಲಸ ನೋಡ್ಲಿಕ್ಕೆ ಬರ್ತಾನೆ. ನೀವೊಮ್ಮೆ ಬನ್ನಿ. ಅವರು ನಿಮ್ಮನ್ನು ಕೇಳ್ತಾ ಇರ್ತಾರೆ, ಕಾಲು ಸರಿ ಆಯ್ತಾ ಅಂತ."

ನನ್ನ ಕಾಲಿಗೆ ಏನೂ ಆಗಿರಲಿಲ್ಲ.

ಹೋದೆವು. ವಾದಿ ಒಣಗಿ ಬಿಳಿ ಕಲ್ಲಿನ ರಾಶಿಯಾಗಿತ್ತು. ಟ್ಯಾಕ್ಸಿ ನಿಧಾನ ಕೂಡ ಮಾಡಲಿಲ್ಲ. ನಾವು ಮುಟ್ಟಿದಾಗ ಕಫೀಲ್ ಅಂಗಡಿಯಲ್ಲೇ ಇದ್ದ. ದರ್ಜಿ ಹೊಲಿದು ಮುಗಿಸಿದ್ದ ಒಂದು ದಿಶ್‌ದಾಶಾದ ಕೊರಳಪಟ್ಟಿಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಉಗುರು ಎಳೆಯುತ್ತಿದ್ದ. ನಾವು ಮೂವರೂ ಅವನ ಉಗುರನ್ನೇ ನೋಡುತ್ತ ನಿಂತೆವು. ಅವನು ಅದನ್ನು ಹೊಲಿದಾದ ಬಟ್ಟೆಗಳ ಸಾಲಿಗೆ ತೂಗಹಾಕಿ, ಇನ್ನೊಂದು ಥಾನು ಬಟ್ಟೆಯನ್ನು ಮೇಜಿನ ಮೇಲೆ ಹಾಕಿ, "ಯಲ್ಲಾ," ಎಂದು, ಮುಂದುವರಿಸು ಎನ್ನುವಂತೆ ಹೇಳಿ ಹೊರಟುಹೋದ. ದರ್ಜಿಯ ನೌಕರಿ ಉಳಿಯಿತು.

ದರ್ಜಿ ಕೂತುಬಿಟ್ಟರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತು ಬಾಯಿಗೆ ಬರುವ ಮುಂಚೆ ಅವರೇ ಕೇಳಿದರು, "ನನ್ನ ಜಾಗಕ್ಕೆ ಯಾರನ್ನ ಹಾಕಿದ್ರಿ?"

"ಒಬ್ಬ ಉದ್ದದವನನ್ನು."

"ಕೊನೇ ಮ್ಯಾಚಿಗೆ ಎಷ್ಟು ಗೋಲು ಬಿಟ್ಟ?"

"ನಾಲ್ಕು."

"ಥೋ!" ಅವರಿಗೆ ನಿಜವಾಗಿ ಬೇಸರವಾಯಿತು. "ಅವ ಗೆರೆ ಬಿಟ್ಟು ಮುಂದೆ ಬಂದಿದ್ದ ಅಂತ ಕಾಣ್ತದೆ ಮಾರಾಯ್ರೆ. ನಮ್ಮ ಡಿಫೆನ್ಸಿಗೆ ಗೋಲಿ ಹೊರಗೆ ಬಪ್ಪುಕಾಗ, ಬರ್ಲೇಬಾರ್ದು."

ಮ್ಯಾನೇಜರರು ನನ್ನ ಮುಖ ನೋಡದೆ ಬೀದಿಯ ಕಡೆ ತಿರುಗಿದರು. ನನಗೆ ತಲೆ ಎತ್ತಲಾಗಲಿಲ್ಲ.

ಹಬ್ಬದ ಹೊಲಿಗೆ ಇನ್ನೂ ಬಹಳವಿತ್ತು. ರಂಜಾನಿನ ರಾತ್ರಿಗಳಲ್ಲಿ ಆ ಪೇಟೆ ಮಲಗುವುದಿಲ್ಲ. ದರ್ಜಿ ಮಿಷನ್ ತುಳಿಯತೊಡಗಿದರು. ಮ್ಯಾನೇಜರರು ಗುಂಡಿ ಹಚ್ಚಲು ಕೂತರು. ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಒರಗುತ್ತೇನೆಂದು ನಾನು ಒರಗಿದೆ. ಮಿಷನ್ನಿನ ಸದ್ದು ಓಡುತ್ತಿತ್ತು, ಬೆರಳು ನೋಯುವಾಗ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಕಣ್ಣು ಬಿಟ್ಟಾಗ ಬೆಳಕಾಗಿತ್ತು. ನನ್ನ ಮೇಲೆ ಹೊದಿಸಿದ್ದು ಕಫೀಲ್ ಕೊಟ್ಟುಹೋಗಿದ್ದ ಹೊಸ ಥಾನಿನ ಬಿಳಿ ಬಟ್ಟೆ. ನಾನು ಹೊರಳಿ ಹೊರಳಿ ಅದನ್ನು ಮುದ್ದೆ ಮಾಡಿಬಿಟ್ಟಿದ್ದೆ. ದರ್ಜಿ ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿಕೊಂಡು, ನಾನು ಏಳುವುದನ್ನೇ ಕಾಯುತ್ತಿದ್ದರು.