ನೂರು ಎಲ್ಬೋ

ಕಡೂರಿನ ಪೈಪು, ಮೋಟಾರು ಸಾಮಾನಿನ ಸಗಟು ಅಂಗಡಿಯೊಂದಕ್ಕೆ ಆರ್ಡರ್ ತರುವುದು ನನ್ನ ಕೆಲಸ. ಬೈಕಿನಲ್ಲಿ ಅಜ್ಜಂಪುರ, ತರೀಕೆರೆ, ಪಂಚನಹಳ್ಳಿ ಸುತ್ತಿ, ಅಂಗಡಿಯವರು ಹೇಳಿದ್ದನ್ನು ಚೀಟಿಯಲ್ಲಿ ಗೀಚಿಕೊಂಡು ಬಂದು ನಮ್ಮ ಗೋಡೌನ್ ನೋಡಿಕೊಳ್ಳುವ ಹಿರಿಯರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಎರಡೆರಡು ಸಲ ಓದಿ, ಅನುಮಾನ ಬಂದರೆ ಅಂಗಡಿಯವರಿಗೇ ಫೋನ್ ಹಚ್ಚುತ್ತಿದ್ದರು. ನನ್ನ ಎಷ್ಟೋ ತಪ್ಪುಗಳು ಗೋಡೌನಿನ ಬಾಗಿಲು ದಾಟಲಿಲ್ಲ.

ನಮ್ಮ ಸಾಹುಕಾರರಿಗೆ ಈ ಚೀಟಿ ವ್ಯವಹಾರ ಅವಮಾನದಂತೆ ಕಂಡಿತು. ಯಾವುದೋ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಮೊಬೈಲ್ ತೋರಿಸಿ ಕೊಚ್ಚಿಕೊಂಡಿದ್ದೇ ಸಾಕಾಯಿತು, ಮೊಬೈಲಿನಲ್ಲೇ ಆರ್ಡರ್ ಬರೆದುಕೊಳ್ಳುವ ಸಾಫ್ಟ್‌ವೇರ್ ಬಂತು. ಕಲಿಸಲು ಬಂದ ಮಹಾಶಯ ಜನ್ಮದಲ್ಲಿ ಪೈಪು ಮುಟ್ಟಿದವನಲ್ಲ. "ಇಲ್ಲಿ ಒತ್ತಿದ್ರೆ ಸ್ಟಾಕು, ಬಿಲ್ಲು, ಗಾಡಿ ಎಲ್ಲಾ ಒಟ್ಟಿಗೇ ರೆಡಿ. ಮಧ್ಯೆ ಯಾರೂ ಕೈ ಹಾಕ್ಬಾರ್ದು" ಎಂದ.

"ತಪ್ಪು ಒತ್ತಿದ್ರೆ?" ಎಂದರು ಗೋಡೌನಿನ ಹಿರಿಯರು.

"ಕಂಪ್ಯೂಟರ್ ತಪ್ಪು ಮಾಡಲ್ಲ ಕಣಯ್ಯ, ಸುಮ್ನಿರು" ಎಂದರು ಸಾಹುಕಾರರು. ಹಿರಿಯರು ಅಂದಿನಿಂದ ಅಂಗಡಿಗಳಿಗೆ ಫೋನ್ ಹಚ್ಚುವುದನ್ನು ಬಿಟ್ಟರು.

ಅಜ್ಜಂಪುರದಲ್ಲಿ ಒಬ್ಬ ಅಕ್ಕ ಸಣ್ಣ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಪೈಪು ತಿರುಗುವ ಕಡೆ ಹಾಕುವ ಎಲ್ಬೋ ನೂರು ಬೇಕೆಂದರು. ನನ್ನ ಮೊಬೈಲು ಅವರ ಇಮೇಲ್ ಕೇಳಿತು, ಹುಟ್ಟಿದ ದಿನ ಕೇಳಿತು, ಅಂಗಡಿಯ ಫೋಟೋ ಕೇಳಿತು. ನೂರು ಬಿಡಿಯೋ, ನೂರು ಪೆಟ್ಟಿಗೆಯೋ ಎಂದು ಮಾತ್ರ ಕೇಳದೆ ಪೆಟ್ಟಿಗೆಯೆಂದು ತಾನೇ ತೀರ್ಮಾನಿಸಿತು. ಬಿಸಿಲಲ್ಲಿ ಕಣ್ಣು ಕಿರಿದಾಗಿಸಿ ಒತ್ತಿದ ನಾನೂ ಜಾಣನೇನಲ್ಲ.

ಮರುದಿನ ಅಕ್ಕನ ಫೋನು. "ಏನಪ್ಪಾ, ಗಾಡಿ ತುಂಬಾ ಎಲ್ಬೋ ಬಂದೈತೆ! ಅದನ್ನ ಒಳಗಿಟ್ಟು ನಾನು ರೋಡಲ್ಲಿ ಕೂರ್ಲಾ?"

ಗೋಡೌನಿಗೆ ಓಡಿದೆ. "ಅಣ್ಣಾ, ನಿಮಗೆ ಕಾಣ್ಲಿಲ್ವಾ?"

"ಕಾಣ್ದೆ ಏನು? ಅಜ್ಜಂಪುರಕ್ಕೆಲ್ಲ ಆಗೋಷ್ಟು ಐತೆ ಅಂತ ಲೋಡ್ ಮಾಡೋವಾಗ್ಲೇ ಗೊತ್ತಾಯ್ತು. ಕೈ ಹಾಕ್ಬಾರ್ದು ಅಂದಿದ್ರಲ್ಲ, ಹಾಕ್ಲಿಲ್ಲ."

ಪೆಟ್ಟಿಗೆಗಳನ್ನು ವಾಪಸ್ ಹೊತ್ತು ತಂದೆವು. ಆದರೆ ಸಾಫ್ಟ್‌ವೇರಿಗೆ ಕಳಿಸುವುದಷ್ಟೇ ಗೊತ್ತು. ಮರಳಿ ಬಂದದ್ದನ್ನು ಒಪ್ಪಲಿಲ್ಲ. ಇಷ್ಟೊಂದು ಕೊಂಡ ಅಕ್ಕನಿಗೆ 'ತಿಂಗಳ ಅತ್ಯುತ್ತಮ ಗ್ರಾಹಕರು' ಎಂಬ ಅಭಿನಂದನೆ ಕಳಿಸಿ, ಮುಂದಿನ ತಿಂಗಳಿಗೂ ನೂರು ಪೆಟ್ಟಿಗೆಯ ಆರ್ಡರನ್ನು ತಾನೇ ಬರೆದುಕೊಂಡಿತು. ಅದು ನನ್ನ ಕಣ್ಣಿಗೆ ಬಿದ್ದದ್ದು ಆ ತಿಂಗಳ ಗಾಡಿ ಹೊರಟ ಬೆಳಿಗ್ಗೆ; ತಡೆಯುವಷ್ಟರಲ್ಲಿ ಗಾಡಿ ಅಕ್ಕನ ಬಾಗಿಲು ತಲುಪಿತ್ತು.

ಆಮೇಲೆ ಅಕ್ಕ ತರೀಕೆರೆಯ ಬೇರೊಂದು ಸಗಟು ಅಂಗಡಿ ಹಿಡಿದರು. ಅಲ್ಲಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಆರ್ಡರ್ ಬರೆದುಕೊಳ್ಳುತ್ತಾರಂತೆ. ನಾನು ಹೋದಾಗ, "ಕಾಫಿ ಕುಡ್ದು ಹೋಗಪ್ಪ, ಆರ್ಡರ್ ಮಾತ್ರ ಕೇಳ್ಬೇಡ" ಎಂದರು.

ಗ್ರಾಹಕರು ಬಿಟ್ಟುಹೋದ ಕಾರಣವನ್ನು ಮೊಬೈಲಿನಲ್ಲಿ ತುಂಬಲೇಬೇಕು. ಬೆಲೆ, ಗುಣಮಟ್ಟ, ಇತರೆ ಎಂದು ಮೂರೇ ಇದ್ದವು. ನಾನು ಇತರೆ ಒತ್ತಿದೆ. ಸಾಹುಕಾರರು ಅದನ್ನು ನೋಡಿ, "ಹಂಗಾದ್ರೆ ನಮ್ದೇನೂ ತಪ್ಪಿಲ್ಲ ಬಿಡು" ಎಂದು ನೆಮ್ಮದಿಯಾಗಿ ಊಟಕ್ಕೆ ಎದ್ದರು.